ಮೇಷ್ಟ್ರು ಫೇಲಾದ ಗದ್ಯಭಾಗ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ವರ್ಷ ಇನ್‌ಸ್ಪೆಕ್ಟರ್ ಸಾಹೇಬರು ನಮ್ಮ ಮಿಡ್ಲ್ ಸ್ಕೂಲಿನ ಕೊನೆಯ ತರಗತಿಗೆ ಒಂದು ಗದ್ಯಭಾಗ ಕೊಟ್ಟು, ಮಕ್ಕಳಿಗೆ ಓದಿದ್ದು ಅರ್ಥವಾಗುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿದರಲ್ಲ, ಅದರಲ್ಲಿ ಮೂವತ್ತೊಂದು ಮಕ್ಕಳ ಪೈಕಿ ಮೂವತ್ತು ಜನ ತಪ್ಪು ಬರೆದರು. ಮೂವತ್ತಕ್ಕೂ ನಾನೇ ಕಾರಣ. ಮಕ್ಕಳು ದಡ್ಡರಾಗಿರಲಿಲ್ಲ. ಅವರಿಗೆ ಪಾಠ ಹೇಳುತ್ತಿದ್ದ ಅಸಿಸ್ಟೆಂಟ್ ಮೇಷ್ಟ್ರು, ಎಂದರೆ ಟ್ರೈನಿಂಗ್ ಸರ್ಟಿಫಿಕೇಟನ್ನು ಕೋಟಿನ ಜೇಬಿನಲ್ಲಿ ಮಡಿಸಿಟ್ಟುಕೊಂಡು ಊರ ತುಂಬ ಓಡಾಡುತ್ತಿದ್ದ ಇಪ್ಪತ್ತು ವರ್ಷದ ಈ ಮಹಾನುಭಾವ, ಆ ಗದ್ಯಭಾಗವನ್ನು ಒಂದು ಸಲ ಕೇಳಿ, ಎರಡು ಸಲ ಓದಿ, ಒಂದು ಸಲ ಬೋರ್ಡಿನ ಮೇಲೆ ದುಂಡಗೆ ಬರೆದೂ ಅರ್ಥಮಾಡಿಕೊಂಡಿರಲಿಲ್ಲ.

ಇದೆಲ್ಲ ಮೊನ್ನೆ ಮತ್ತೆ ನೆನಪಾದದ್ದು ಮೂಗಿನಿಂದ. ಈಗ ನನಗೆ ಮಳವಳ್ಳಿಯ ಕಡೆಗೆ ವರ್ಗವಾಗಿದೆ. ಏನೋ ಕೆಲಸವಿತ್ತು, ಮದ್ದೂರಿಗೆ ಬಂದವನು ಬೆಸಗರಹಳ್ಳಿಯ ಬಸ್ಸು ಹತ್ತಿ, ಅಲ್ಲಿಂದ ಎರಡು ಮೈಲಿ ನಡೆದು ಹಳೆಯ ಊರಿಗೆ ಹೋದೆ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅಲ್ಲಿನವರು ಮುಂದಿನ ಸಲ ನನಗೆ ಮಜ್ಜಿಗೆ ಕೊಡುವುದನ್ನು ನಿಲ್ಲಿಸಿಬಿಟ್ಟಾರು. ಅವತ್ತು ಶನಿವಾರ. ಸ್ಕೂಲಿನ ಮುಂದೆ ನಾಲ್ಕು ಹುಡುಗರು ಬೋರ್ಡನ್ನು ನೆಲಕ್ಕೆ ಮಲಗಿಸಿ, ಕುಟ್ಟಿದ ಇದ್ದಿಲಿಗೆ ಸೊಪ್ಪಿನ ರಸ ಹಿಂಡಿ ತಿಕ್ಕುತ್ತಿದ್ದರು. ಮೊಣಕೈವರೆಗೂ ಮಸಿ. ಹಸಿ ಸೊಪ್ಪಿನ ಒಗರು ವಾಸನೆಯ ಜೊತೆ ಇದ್ದಿಲಿನ ವಾಸನೆ ಸೇರಿ ಮೂಗಿಗೆ ಬಡಿಯಿತು. ನನ್ನ ಕಿವಿ ತಾನಾಗಿ ಬಿಸಿಯಾಯಿತು. ಅಷ್ಟು ಕಪ್ಪಾದ ಬೋರ್ಡಿನ ಮೇಲೆ ನಾನು ಬರೆದ ಅಷ್ಟು ಚೆಂದದ ಅಕ್ಷರ!

ಆ ಊರಿಗೆ ನಾನು ಮೊದಲು ಬಂದಾಗ ಯುದ್ಧ ಇನ್ನೂ ಮುಗಿದಿರಲಿಲ್ಲ. ಪೆಟ್ರೋಲು ಸಿಕ್ಕುತ್ತಿರಲಿಲ್ಲವಾಗಿ ಬಸ್ಸುಗಳು ಬೆನ್ನಿಗೊಂದು ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಏರು ಬಂದರೆ ನಾವು ಇಳಿದು ತಳ್ಳಬೇಕು. ತಳ್ಳಿದವರ ಮುಖ ಬೋರ್ಡಿನಂತಾಗುತ್ತಿತ್ತು. ನಾನು ಡ್ಯೂಟಿ ರಿಪೋರ್ಟು ಮಾಡಿಕೊಂಡದ್ದು ಅಂಥ ಮುಖದಲ್ಲೇ. ಹೆಡ್ ಮಾಸ್ತರು ಸಿದ್ದೇಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೂರು ಸಲ ಕೆಮ್ಮಿ, "ಮೊದಲು ಮುಖ ತೊಳೆದುಕೊಂಡು ಬನ್ನಿ ಮಾದಪ್ಪನವರೇ. ಯಾರು ಬಂದಿದ್ದಾರೆ ಅಂತ ಗೊತ್ತಾಗಲಿ" ಎಂದರು.

ಆ ಮೂರು ಕೆಮ್ಮು ನನಗೆ ಸಿಕ್ಕ ಮೊದಲ ಸಂಬಳ. ನನ್ನದೊಂದು ಚಾಳಿ. ಯಾರ ಧ್ವನಿ ಕಿವಿಗೆ ಬಿದ್ದರೂ ಸಂಜೆಯೊಳಗೆ ಅದು ನನ್ನ ಗಂಟಲಿನಲ್ಲಿರುತ್ತದೆ. ಬಸ್ಸಿನ ಕಂಡಕ್ಟರು, ಮದ್ದೂರು ಸ್ಟೇಷನ್ನಿನಲ್ಲಿ ವಡೆ ಮಾರುವವನು, ನಮ್ಮ ಅಪ್ಪ, ನನ್ನನ್ನು ಬೈಯುವಾಗಿನ ನಮ್ಮ ಅಪ್ಪ (ಇವರಿಬ್ಬರೂ ಬೇರೆ ಬೇರೆ), ಕೊನೆಗೆ ಕನ್ನಡಿಯ ಮುಂದೆ ಕ್ರಾಪು ಬಾಚುತ್ತಾ ತನ್ನನ್ನು ತಾನೇ ಮೆಚ್ಚಿಕೊಳ್ಳುವ ಮಾದಪ್ಪ ಮೇಷ್ಟ್ರು, ಎಲ್ಲರನ್ನೂ ಆಡುತ್ತಿದ್ದೆ. ತಿಂಗಳೊಳಗೆ ಹುಡುಗರು ನನಗೆ ಅಣಕದ ಮೇಷ್ಟ್ರು ಅಂತ ಹೆಸರಿಟ್ಟರು. ನಾನು ಅದನ್ನು ಬಿರುದು ಅಂದುಕೊಂಡೆ.

ಒಂದು ದಿನ ಹೆಡ್ ಮಾಸ್ತರು ಕರೆದರು. "ನನ್ನ ಅಣಕ ಮಾಡ್ತೀರಂತೆ?"

ನನ್ನ ಜೀವ ಹಾರಿಹೋಯಿತು. "ಯಾರು ಸಾರ್ ಹೇಳಿದ್ದು?"

"ನಿಮ್ಮ ಗಂಟಲು ಗೋಡೆಯಾಚೆಗೂ ಕೇಳುತ್ತೆ. ಮಾಡಿ, ನೋಡೋಣ."

ಬೇರೆ ದಾರಿಯಿರಲಿಲ್ಲ. ರುಮಾಲು ಸರಿಮಾಡಿಕೊಳ್ಳುವಂತೆ ಕೈ ಎತ್ತಿ, ಕೆಮ್ಮಿ, ಅವರು ದಿನಕ್ಕೆ ಹತ್ತು ಸಲ ಹೇಳುವ ಮಾತನ್ನೇ ಹೇಳಿದೆ: "ಪುಸ್ತಕ ಮುಚ್ಚು. ಈಗ ಹೇಳು."

ಅವರು ತೀರಾ ಗಂಭೀರವಾಗಿ ಕೇಳಿಸಿಕೊಂಡು, "ಕೆಮ್ಮು ಎರಡೇ ಆಯಿತು. ನಾನು ಮೂರು ಸಲ ಕೆಮ್ಮುತ್ತೇನೆ" ಎಂದು ತಿದ್ದಿ ಕಳಿಸಿದರು. ಅವತ್ತಿನಿಂದ ಅವರನ್ನು ಆಡುವಾಗೆಲ್ಲ ನನಗೆ ಗೊತ್ತಿಲ್ಲದೆಯೇ ಒಂದು ಭಕ್ತಿ ಸೇರಿಕೊಳ್ಳುತ್ತಿತ್ತು.

ಪುಸ್ತಕ ಮುಚ್ಚು, ಈಗ ಹೇಳು. ಇದು ಅವರ ಕಲಿಸುವ ರೀತಿ. ನಮ್ಮ ಮಕ್ಕಳಿಗೆ ಓದುವುದೆಂದರೆ ಬಾಯಿಪಾಠ. ಬೋರ ಎನ್ನುವ ಒಬ್ಬ ಹುಡುಗ ಹದಿನೈದನೆಯ ಪಾಠವನ್ನು ತಲೆ ಅಲ್ಲಾಡಿಸುತ್ತಾ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದ. ಬಗ್ಗಿ ನೋಡಿದರೆ ಪುಸ್ತಕ ತಲೆಕೆಳಗಾಗಿರುತ್ತಿತ್ತು. ಹೆಡ್ ಮಾಸ್ತರು ಬೈಯುತ್ತಿರಲಿಲ್ಲ. ಪುಸ್ತಕವನ್ನು ತಾವೇ ಮುಚ್ಚಿ, "ನಿಮ್ಮವ್ವನಿಗೆ ಇದನ್ನ ಹೇಳೋ ಹಂಗೆ ನನಗೆ ಹೇಳು" ಎಂದು ಅವನೆದುರು ಕೂತುಬಿಡುತ್ತಿದ್ದರು. ಬೋರ ಬೆವರುತ್ತಿದ್ದ. ಅವರು ಕಾಯುತ್ತಿದ್ದರು. ಅರ್ಧ ಗಂಟೆಯಾದರೂ ಸರಿ. ಅಷ್ಟು ಹೊತ್ತು ಒಬ್ಬ ಹುಡುಗನಿಗಾಗಿ ಸುಮ್ಮನೆ ಕಾಯುವ ಮೇಷ್ಟ್ರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕಾಯುವುದನ್ನು ಅಣಕ ಮಾಡಲು ಬರುವುದೂ ಇಲ್ಲ, ಪ್ರಯತ್ನಪಟ್ಟು ನೋಡಿದ್ದೇನೆ.

ಸಂಕ್ರಾಂತಿ ಕಳೆದು ಹದಿನೈದು ದಿನವಾಗಿತ್ತು. ಮಂಡ್ಯದ ಕಾರ್ಖಾನೆಗೆ ಕಬ್ಬಿನ ಗಾಡಿಗಳು ಸಾಲುಗಟ್ಟಿ ಹೋಗುವ ಕಾಲ. ಹುಡುಗರು ಗಾಡಿಯ ಹಿಂದಿನಿಂದ ಜಲ್ಲೆ ಎಳೆದುಕೊಂಡು ತರಗತಿಗೆ ಬರುತ್ತಿದ್ದರು. ಬೆಂಚಿನ ಕೆಳಗೆಲ್ಲ ಸಿಪ್ಪೆ, ಇರುವೆ. ಬೆಳಗಿನ ಚಳಿ ಹತ್ತು ಗಂಟೆಗೆ ಬಿಟ್ಟರೆ ಆಲೆಮನೆಯ ಬೆಲ್ಲದ ಪಾಕದ ವಾಸನೆ ಕಿಟಕಿಯೊಳಗೆ ಬಂದು ಕೂರುತ್ತಿತ್ತು. ಅಂಥ ಒಂದು ಬೆಳಿಗ್ಗೆ ಆಫೀಸಿನಿಂದ ಕಾಗದ ಬಂತು. ನಮ್ಮ ಊರಿನ ಕೊನೆಯ ತರಗತಿಯನ್ನು ಮುಚ್ಚಿ ಮಕ್ಕಳನ್ನು ಮದ್ದೂರಿಗೆ ಸೇರಿಸುವ ಯೋಚನೆಯಿದೆ. ಇನ್‌ಸ್ಪೆಕ್ಟರರು ಖುದ್ದು ಬಂದು, ಮಕ್ಕಳಿಗೆ ಓದಿದ್ದು ತಿಳಿಯುತ್ತದೆಯೇ ಎಂದು ಪರೀಕ್ಷೆ ಮಾಡಿ, ತರಗತಿ ಉಳಿಯಬೇಕೋ ಬೇಡವೋ ತೀರ್ಮಾನಿಸುತ್ತಾರೆ.

ಮದ್ದೂರು ಎಂಟು ಮೈಲಿ. ಹುಡುಗರೇನೋ ಗಾಡಿಯ ಹಿಂದೆ ನೇತಾಡಿಕೊಂಡಾದರೂ ಹೋಗುತ್ತಿದ್ದರು. ಹೊಂಬಾಳಮ್ಮನ ಮಾತು ಬೇರೆ. ಕೊನೆಯ ತರಗತಿಯಲ್ಲಿದ್ದ ಒಬ್ಬಳೇ ಹುಡುಗಿ ಅವಳು. ಹದಿಮೂರು ವರ್ಷ, ಬಿಗಿಯಾದ ಎರಡು ಜಡೆ, ಕೇಳಿದರೆ ಮಾತ್ರ ಮಾತು. ಕಾಗದದ ಸುದ್ದಿ ಊರಲ್ಲಿ ಹರಡಿದ ಸಂಜೆ ಅವಳ ಅಪ್ಪ ಮೊಗಣ್ಣ ಸ್ಕೂಲಿಗೆ ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತ.

"ನೋಡಿ ಸಾ, ಇಸ್ಕೂಲು ಇಲ್ಲೇ ಇದ್ರೆ ಓದ್ಲಿ. ನಾನ್ ಬ್ಯಾಡ ಅನ್ನಕಿಲ್ಲ. ಮದ್ದೂರ್ಗೆ ಅಂದ್ರೆ ಕಳ್ಸಕಿಲ್ಲ. ಸಿವರಾತ್ರಿ ಕಳೀಲಿ ಅಂತ ಗಂಡಿನ ಕಡೆಯೋರು ಕಾಯ್ತಾ ಅವ್ರೆ."

"ಮಗು ಕಣೋ ಮೊಗಣ್ಣ ಅದು" ಎಂದರು ಹೆಡ್ ಮಾಸ್ತರು.

"ಮಗೂನ ಎಂಟು ಮೈಲಿ ನಡ್ಸಾಕ್ ಆಯ್ತದಾ ಸಾ?" ಎಂದ ಮೊಗಣ್ಣ. ಒರಟು ಮನುಷ್ಯನೇನಲ್ಲ. ಮಗಳ ಸ್ಲೇಟಿನ ಚೌಕಟ್ಟು ಮುರಿದಾಗ ಹುಣಸೆ ಮರದ ಪಟ್ಟಿ ಕೆತ್ತಿ ಕೂರಿಸಿಕೊಟ್ಟವನು ಅವನೇ. ಆದರೆ ಹೇಳಿದ್ದನ್ನು ಹೇಳಿದ. ಹೊಂಬಾಳಮ್ಮ ಅವನ ಬೆನ್ನ ಹಿಂದೆ ನಿಂತು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದಳು.

ಇನ್ನು ನನ್ನ ಘನಕಾರ್ಯ.

ಹೆಡ್ ಮಾಸ್ತರ ಊರು ಕೊತ್ತತ್ತಿ. ಅವರ ತಾಯಿ ಅದರ ಹಿಂದಿನ ವರ್ಷ ತೀರಿಕೊಂಡಿದ್ದರು. ಆ ಮೇಲೆ ಅವರು ಒಂದು ನೋಟ್‌ಬುಕ್ಕಿನಲ್ಲಿ ತಮ್ಮ ನೆನಪುಗಳನ್ನು ಬರೆಯತೊಡಗಿದ್ದರು. ಒಂದು ಶನಿವಾರ ಮಕ್ಕಳೆಲ್ಲ ಹೋದಮೇಲೆ ಹೊಂಗೆ ಮರದ ಕೆಳಗೆ ಕೂತು ನನಗೆ ಒಂದು ಪುಟ ಓದಿ ತೋರಿಸಿದರು. ಊರಿಗೆ ನಾಲೆಯ ನೀರು ಬಂದ ದಿನದ ಸಂಗತಿ. ಊರಿಗೆ ಊರೇ ನೀರು ನೋಡಲು ಓಡಿತಂತೆ, ತಾಯಿ ಮಾತ್ರ ಹೋಗಲಿಲ್ಲವಂತೆ. "ಹೇಗಿದೆ?" ಎಂದು ಕೇಳಿದರು. ಬೇಕಾದರೆ ನೀವೇ ಓದಿ ನೋಡಿ ಎಂದು ನೋಟ್‌ಬುಕ್ಕನ್ನು ಕೈಗೂ ಕೊಟ್ಟರು. ನಾನು ಓದಿದೆ. "ಬಹಳ ಚೆನ್ನಾಗಿದೆ ಸಾರ್" ಎಂದೆ. ನನ್ನ ತಲೆಯೊಳಗೆ ಆಗಲೇ ನಾಟಕ ಶುರುವಾಗಿತ್ತು. ಎಲ್ಲರೂ ಓಡುತ್ತಿದ್ದಾರೆ, ಒಬ್ಬಳು ಮುದುಕಿ ಮಾತ್ರ ಕೂತಿದ್ದಾಳೆ. ಯಾಕೆ? ನೀರು ಕಂಡರೆ ಭಯ! ಇನ್ನೇನಿರಲು ಸಾಧ್ಯ?

ಮುಂದಿನ ಶುಕ್ರವಾರ ಎಂದಿನಂತೆ ಸ್ಕೂಲಿನಲ್ಲಿ ಸರಸ್ವತಿ ಪೂಜೆ. ಭಜನೆಯಾದ ಮೇಲೆ ಪುರಿಕಡಲೆ ಹಂಚುವವರೆಗೆ ನನ್ನ ಅಣಕ ನಡೆಯುವುದು ರೂಢಿ. ಹೆಡ್ ಮಾಸ್ತರು ಅವತ್ತು ಮಂಡ್ಯಕ್ಕೆ ಹೋಗಿದ್ದರು. ನಾನು ಟವೆಲ್ಲನ್ನು ಸೆರಗಿನಂತೆ ಹೊದ್ದು, ಸೊಂಟ ಬಗ್ಗಿಸಿ, ಮುದುಕಿಯಾದೆ. "ಅಯ್ಯೋ ಸಿವ್ನೇ, ನೀರಾ! ಚಿಕ್ಕೋಳಾಗಿದ್ದಾಗ ಕಟ್ಟೇಲಿ ಜಾರ್ ಬಿದ್ದಿದ್ದೆ ಕಣ್ರಪ್ಪಾ, ನಾನ್ ಬರಕಿಲ್ಲ!" ಎಂದು ಕಂಬ ತಬ್ಬಿಕೊಂಡೆ. ಕೊನೆಗೆ ಇಬ್ಬರು ಗಂಡಸರು ಮುದುಕಿಯನ್ನು ಎತ್ತಿಕೊಂಡು ನಾಲೆಗೆ ಹೋದ ಹಾಗೆ, ಬೋರನನ್ನೂ ಇನ್ನೊಬ್ಬನನ್ನೂ ಕರೆದು ನನ್ನನ್ನೇ ಎತ್ತಿಸಿಕೊಂಡೆ. ಮಕ್ಕಳು ನಕ್ಕು ನಕ್ಕು ಪುರಿಯನ್ನೆಲ್ಲ ಚೆಲ್ಲಿದರು. ಇದು ಯಾರ ಅವ್ವ, ಎಲ್ಲಿಯ ಕಥೆ ಎಂದು ನಾನು ಹೇಳಲಿಲ್ಲ. ಕೊತ್ತತ್ತಿಗೆ ನಾಲೆ ಬಂದ ದಿನ ಎಂದಷ್ಟೇ ಹೇಳಿದ್ದೆ. ಅವರು ಬರೆದ ಪುಟದಲ್ಲಿ ತಂದೆ ತೋಡುತ್ತಿದ್ದ ಬಾವಿಯ ಮಾತೂ ಇತ್ತು, ಅದನ್ನು ಒಂದೇ ಉಸಿರಿನಲ್ಲಿ ದಾಟಿಸಿಬಿಟ್ಟಿದ್ದೆ. ಬಾವಿಯಲ್ಲಿ ನಗು ಇರಲಿಲ್ಲ.

ಪುರಿ ತೆಗೆದುಕೊಳ್ಳಲು ಬಂದ ಹೊಂಬಾಳಮ್ಮ ಕೈ ಚಾಚದೆ ನಿಂತಳು. "ಸಾ, ಆ ಬಾವಿ ಏನಾಯ್ತು?"

"ಬಾವಿ ಬಾವಿಯಾಗೇ ಇತ್ತಮ್ಮ. ನೀನು ಪುರಿ ತಿನ್ನು" ಎಂದೆ. ಇಡೀ ಶಾಲೆಯಲ್ಲಿ ನಗದೆ ಇದ್ದವಳು ಅವಳೊಬ್ಬಳು. ಪಾಪ, ಹುಡುಗಿಗೆ ಹಾಸ್ಯ ತಿಳಿಯುವುದಿಲ್ಲ ಎಂದು ಮರುಕಪಟ್ಟೆ.

ಮೂರು ವಾರ ಬಿಟ್ಟು ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಜರಿಯಂಚಿನ ಪೇಟ, ಮುಚ್ಚುಕೋಟು, ಕೈಯಲ್ಲಿ ಬೆತ್ತ. ಬೆತ್ತ ಹೊಡೆಯಲಿಕ್ಕಲ್ಲ, ಮಂಡಿನೋವಿಗೆ. ಮೂಗಿನಿಂದ ಬರುವ ಸಣ್ಣ ಧ್ವನಿ. ಏನು ಹೇಳಿದರೂ ಅವರದ್ದೊಂದೇ ಕೇಳಿಕೆ: "ಎಲ್ಲಿದೆ? ಬೆರಳಿಟ್ಟು ತೋರಿಸು." ನಾನು ಐದು ನಿಮಿಷದಲ್ಲಿ ಅವರನ್ನು ಕಲಿತುಬಿಟ್ಟೆ. ಅವರು ಬೋರನನ್ನು ಎಬ್ಬಿಸಿ ಹದಿನೈದನೆಯ ಪಾಠ ಓದು ಎಂದರು. ಬೋರ ಗಡಗಡ ಒಪ್ಪಿಸಿದ. ಸಾಹೇಬರು ಹತ್ತಿರ ಹೋಗಿ ಅವನ ಕೈಯಲ್ಲಿದ್ದ ಪುಸ್ತಕವನ್ನು ಮೆಲ್ಲಗೆ ಸೀದಾ ಮಾಡಿ ಹಿಡಿಸಿದರು. "ಈಗ ಓದು." ಬೋರನಿಗೆ ಒಂದು ಪದವೂ ಹೊರಡಲಿಲ್ಲ.

"ಹೆಡ್ ಮಾಸ್ತರೇ, ಈ ಪುಸ್ತಕ ಬೇಡ. ಈ ಮಕ್ಕಳು ಎಂದೂ ಓದಿರದ ಗದ್ಯಭಾಗ ಬೇಕು."

ಬೇರೆಯ ಮೇಷ್ಟ್ರಾದರೆ ಮಕ್ಕಳಿಗೆ ಗೊತ್ತಿರುವುದನ್ನೇ ಯಾವುದೋ ಮೂಲೆಯಿಂದ ತೆಗೆದು ಹೊಸದು ಅಂತ ಕೊಡುತ್ತಿದ್ದರು. ಸಿದ್ದೇಗೌಡರು ಮೇಜಿನ ಡ್ರಾಯರಿನಿಂದ ಆ ನೋಟ್‌ಬುಕ್ಕು ತೆಗೆದರು. "ಇದು ನಾನು ಬರೆದದ್ದು ಸಾರ್. ಒಂದು ಮಗುವೂ ಇದನ್ನು ಓದಿಲ್ಲ. ಪ್ರಮಾಣ ಮಾಡಿ ಹೇಳುತ್ತೇನೆ." ನಾಲೆಯ ಪುಟವನ್ನು ತೆಗೆದು, ಅಕ್ಷರ ದುಂಡಗಿದೆ ಎಂದು, ಬೋರ್ಡಿನ ಮೇಲೆ ಬರೆಯಲು ನನ್ನ ಕೈಗೇ ಕೊಟ್ಟರು.

ನಾನು ಆಗಲೇ ಹೇಳಿಬಿಡಬಹುದಿತ್ತು. ಓದಿಲ್ಲ ಸಾರ್, ಆದರೆ ನೋಡಿದ್ದಾರೆ, ನಾನೇ ಆಡಿ ತೋರಿಸಿದ್ದೇನೆ ಎನ್ನಲು ಎಷ್ಟು ಹೊತ್ತು ಬೇಕು? ಹೇಳಲಿಲ್ಲ. ಅಷ್ಟೇ ಅಲ್ಲ, ಒಳಗೊಳಗೇ ಹಿಗ್ಗಿದೆ. ಮಕ್ಕಳಿಗೆ ಕಥೆ ಗೊತ್ತು, ಎಲ್ಲ ಉತ್ತರ ಸರಿ ಬರೆಯುತ್ತಾರೆ, ತರಗತಿ ಉಳಿಯುತ್ತದೆ, ಹೊಂಬಾಳಮ್ಮ ಓದುತ್ತಾಳೆ, ಇದಕ್ಕೆಲ್ಲ ಕಾರಣ ಯಾರು ಎಂದು ಮುಂದೊಂದು ದಿನ ಗೊತ್ತಾದಾಗ ಊರವರು ನನ್ನನ್ನು ಹೊಗಳುತ್ತಾರೆ ಎಂದುಕೊಳ್ಳುತ್ತಾ, ಬಾಲ ತಿರುಗಿಸಿ ತಿರುಗಿಸಿ ಅಕ್ಷರ ಬರೆದೆ. ಆ ಪುಟ ಇದು:

"ಕೊತ್ತತ್ತಿಯ ನಮ್ಮ ಹೊಲದ ಮೂಲೆಯಲ್ಲಿ ಅಪ್ಪ ಒಂದು ಬಾವಿ ತೋಡುತ್ತಿದ್ದರು. ಇಪ್ಪತ್ತು ಮೊಳ ಇಳಿದರೂ ನೀರು ಬರಲಿಲ್ಲ. 'ಇನ್ನೆರಡು ಮೊಳ' ಎಂದು ಅಪ್ಪ ದಿನವೂ ಹೇಳುತ್ತಿದ್ದರು. ಒಂದು ಮಧ್ಯಾಹ್ನ ದಡದ ಮಣ್ಣು ಕುಸಿಯಿತು. ಅಂದಿನಿಂದ ಅವ್ವ ಆ ಬಾವಿಯ ಬಾಯಿಗೆ ಮುಳ್ಳು ಹೊದಿಸಿದ್ದಳು. ಮೂರನೆಯ ವರ್ಷ ನಮ್ಮೂರಿಗೆ ನಾಲೆಯ ನೀರು ಬಿಟ್ಟರು. ಊರಿಗೆ ಊರೇ ತಮಟೆ ಬಡಿದುಕೊಂಡು, ತೆಂಗಿನಕಾಯಿ ಹಿಡಿದುಕೊಂಡು ನಾಲೆಯ ಏರಿಗೆ ಓಡಿತು. ನಾನೂ ಓಡಿದೆ. ಅವ್ವ ಬರಲಿಲ್ಲ. ತಿರುಗಿ ನೋಡಿದರೆ ನಾಲೆಗೆ ಬೆನ್ನು ಮಾಡಿ ಬದುವಿನ ಮೇಲೆ ಕುಳಿತಿದ್ದಳು. ಸಂಜೆಯ ಹೊತ್ತಿಗೆ ನೀರು ನಮ್ಮ ಹೊಲಕ್ಕೆ ಹರಿದು ಬಂತು. ಅವ್ವ ಎದ್ದಳು. ಬಾವಿಯ ಮೇಲಿನ ಮುಳ್ಳು ಸರಿಸಿದಳು. ಬೊಗಸೆಯಲ್ಲಿ ನೀರು ತುಂಬಿಕೊಂಡು ಅದರೊಳಕ್ಕೆ ಬಿಟ್ಟಳು. ಆಮೇಲೆ ಮನೆಗೆ ಹೋಗಿ ಒಲೆ ಹಚ್ಚಿದಳು."

ಸಾಹೇಬರು ಮೂರು ಪ್ರಶ್ನೆ ಹಾಕಿದರು. ಇದು ಯಾವ ಊರಿನ ಸಂಗತಿ? ಬಾವಿ ಎಷ್ಟು ಮೊಳ ಇಳಿದಿತ್ತು? ಜನರು ಏನು ಹಿಡಿದುಕೊಂಡು ಓಡಿದರು? "ಒಂದು ನೀವು ಹಾಕಿ" ಎಂದು ಹೆಡ್ ಮಾಸ್ತರಿಗೆ ಹೇಳಿದರು. ಸಿದ್ದೇಗೌಡರು ಮೂರು ಸಲ ಕೆಮ್ಮಿ, ಮೆಲ್ಲಗೆ ಹೇಳಿದರು: "ಎಲ್ಲರೂ ನಾಲೆಗೆ ಓಡಿದಾಗ ಆ ತಾಯಿ ಏಕೆ ಹೋಗಲಿಲ್ಲ?"

"ಉತ್ತರ?"

"ಮಕ್ಕಳು ಹೇಳಲಿ ಸಾರ್. ಅದು ನನ್ನ ಅವ್ವ. ನಾನು ಹೇಳಬಾರದು."

ಕಾಗದಕ್ಕೆ ಬರ ಬಂದಿದ್ದ ಕಾಲ. ಪರೀಕ್ಷೆಯೂ ಸ್ಲೇಟಿನಲ್ಲೇ. ಬರೆದು ಮುಗಿದ ಮೇಲೆ ಮೂವತ್ತೊಂದು ಸ್ಲೇಟುಗಳನ್ನು ಜಗಲಿಯ ಉದ್ದಕ್ಕೂ ಸಾಲಾಗಿ ಗೋಡೆಗೆ ಒರಗಿಸಿದೆವು. ಸಾಹೇಬರು ಬೆತ್ತ ಊರಿಕೊಂಡು ಒಂದೊಂದಕ್ಕೂ ಬಗ್ಗಿ ಓದುತ್ತಾ ಹೊರಟರು. ಮೊದಲ ಸ್ಲೇಟಿನ ಮೂರು ಉತ್ತರಗಳಿಗೆ ತಲೆ ಆಡಿಸಿದರು. ನಾಲ್ಕನೆಯದಕ್ಕೆ ಹುಬ್ಬು ಮೇಲೇರಿತು. ಎರಡನೆಯ ಸ್ಲೇಟು, ಮೂರನೆಯದು, ಹತ್ತನೆಯದು. ಮಂಡಿನೋವು ಮರೆತವರಂತೆ ಬೇಗ ಬೇಗ ಬಗ್ಗತೊಡಗಿದರು.

"ಹೆಡ್ ಮಾಸ್ತರೇ, ಇಲ್ಲಿ ಬನ್ನಿ. 'ತಾಯಿಗೆ ನೀರೆಂದರೆ ಭಯ. ಚಿಕ್ಕಂದಿನಲ್ಲಿ ಕಟ್ಟೆಯಲ್ಲಿ ಜಾರಿ ಬಿದ್ದಿದ್ದಳು. ಇಬ್ಬರು ಆಕೆಯನ್ನು ಎತ್ತಿಕೊಂಡು ಹೋದರು.' ಇದರಲ್ಲೂ ಕಟ್ಟೆ. ಇದರಲ್ಲೂ ಕಟ್ಟೆ. ಎಲ್ಲಿದೆ ಕಟ್ಟೆ? ಬೆರಳಿಟ್ಟು ತೋರಿಸಿ! ಒಬ್ಬ ಹೇಳಿಕೊಟ್ಟಿದ್ದಾನೆ, ಎಲ್ಲರೂ ಬರೆದಿದ್ದಾರೆ. ಒಂದು ಮಗುವೂ ಓದಿಲ್ಲ ಅಂತ ಪ್ರಮಾಣ ಮಾಡಿದಿರಿ!"

ಸಿದ್ದೇಗೌಡರು ಒಂದು ಸ್ಲೇಟು ಎತ್ತಿಕೊಂಡು ಓದಿದರು. ಇನ್ನೊಂದನ್ನು ಓದಿದರು. ಅವರ ಅವ್ವ ಮೂವತ್ತು ಸ್ಲೇಟುಗಳಲ್ಲಿ ಕಂಬ ತಬ್ಬಿಕೊಂಡು ಕೂಗುತ್ತಿದ್ದಳು. ಅವರು ಕೆಮ್ಮಲಿಲ್ಲ. ನನ್ನ ಕಡೆ ತಿರುಗಿದರು.

ನನ್ನ ಬಾಯಿಂದ ಆಗ ಹೊರಟದ್ದು ಯಾರ ಧ್ವನಿಯೋ ನನಗೆ ಗೊತ್ತಿಲ್ಲ. ಅಷ್ಟು ಸಣ್ಣ ಧ್ವನಿ ನನ್ನದೆಂದು ಅದಕ್ಕೆ ಮೊದಲು ಗೊತ್ತಿರಲಿಲ್ಲ. ಪೂಜೆಯ ದಿನ ಆಡಿದ್ದನ್ನೆಲ್ಲ ಹೇಳಿದೆ. ಟವೆಲ್ಲಿನ ಸೆರಗನ್ನೂ ಬಿಡಲಿಲ್ಲ. "ಹೆಡ್ ಮಾಸ್ತರಿಗೆ ಇದು ಗೊತ್ತಿಲ್ಲ ಸಾರ್. ಮಕ್ಕಳದ್ದೂ ತಪ್ಪಿಲ್ಲ. ಇದೆಲ್ಲ ನಂದು" ಎಂದೆ.

ಸಾಹೇಬರು ನನ್ನ ಮೇಲೆ ಎರಗುವ ಮೊದಲೇ ಸಿದ್ದೇಗೌಡರು ಮಾತಾಡಿದರು. "ಸಾರ್, ಒಂದು ಗಮನಿಸಿ. ಮೂರು ವಾರದ ಹಿಂದೆ ಕಂಡದ್ದನ್ನು ಇಷ್ಟು ಮಕ್ಕಳಲ್ಲಿ ಒಬ್ಬರೂ ಮರೆತಿಲ್ಲ. ನಮ್ಮ ಮಾದಪ್ಪನವರ ಪಾಠ ಗಟ್ಟಿಯಾಗಿಯೇ ನಾಟಿದೆ. ಪಾಠವೇ ತಪ್ಪು, ಅಷ್ಟೆ." ಅಷ್ಟು ಹೇಳಿ ಸ್ಲೇಟನ್ನು ಜೋಪಾನವಾಗಿ ಗೋಡೆಗೆ ಒರಗಿಸಿದರು. ತನ್ನ ಸತ್ತ ತಾಯಿಯನ್ನು ನಗೆಪಾಟಲು ಮಾಡಿದವನ ಪರವಾಗಿ ಆ ಮನುಷ್ಯ ನಿಂತುಕೊಂಡಿದ್ದನ್ನು ನೋಡಿ ನನಗೆ ನೆಲಕ್ಕೆ ಇಳಿದುಹೋಗುವಂತಾಯಿತು.

ಸಾಹೇಬರು ಬಳಪ ತೆಗೆದುಕೊಂಡು ಒಂದೊಂದೇ ಸ್ಲೇಟಿನ ನಾಲ್ಕನೆಯ ಉತ್ತರಕ್ಕೆ ಅಡ್ಡಗೆರೆ ಎಳೆಯುತ್ತಾ ಹೋದರು. ಸಾಲಿನ ಕೊನೆಗೆ ಹುಣಸೆ ಮರದ ಪಟ್ಟಿಯ ಸ್ಲೇಟು ಇತ್ತು. ಗೆರೆ ಎಳೆಯಲು ಬಗ್ಗಿದವರು ಹಾಗೆಯೇ ನಿಂತರು. ಗಟ್ಟಿಯಾಗಿ ಓದಿದರು:

"ನೀರು ಹುಡುಕುತ್ತಲೇ ಅವರ ಯಜಮಾನರು ಬಾವಿಯಲ್ಲಿ ತೀರಿಹೋದರು. ಆಗ ಬಾರದ ನೀರು ಈಗ ಬಂದಿತು. ಅದನ್ನು ನೋಡಲು ಅವರಿಗೆ ಮನಸ್ಸಾಗಲಿಲ್ಲ. ಆದರೆ ನೀರು ತಮ್ಮ ಹೊಲಕ್ಕೆ ಬಂದಾಗ ಯಜಮಾನರಿಗೆ ಮೊದಲು ಕುಡಿಯಲು ಕೊಟ್ಟರು."

ಆಗ ನನಗೆ ತಿಳಿಯಿತು. ಮಣ್ಣು ಕುಸಿದಾಗ ಅಪ್ಪ ಬಾವಿಯೊಳಗಿದ್ದರು! ನಾನು ಅದನ್ನು ಓದಿದ್ದೆ, ಬರೆದಿದ್ದೆ, ಅದರ ಮೇಲೆ ನಾಟಕವನ್ನೂ ಆಡಿದ್ದೆ.

ಹೆಡ್ ಮಾಸ್ತರು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಅವತ್ತು ಸಂಜೆ ಹೊಂಗೆ ಮರದ ಕೆಳಗೆ ಅವರು ನನಗೆ ಒಂದು ಮಾತು ಹೇಳಿದರು. "ಆ ಬೊಗಸೆ ನೀರು ಯಾಕೆ ಅಂತ ನನಗೇ ಇವತ್ತಿನವರೆಗೂ ಹೊಳೆದಿರಲಿಲ್ಲ ಕಣಯ್ಯಾ ಮಾದಪ್ಪ. ಕಂಡದ್ದನ್ನ ಬರೆದಿದ್ದೆ, ಅಷ್ಟೆ. ಹೌದಾ ಅಂತ ಕೇಳಾಣ ಅಂದ್ರೆ ಅವ್ವ ಇಲ್ಲ. ಆ ಮಗು ಹೇಳ್ತು ನೋಡು." ಅದುವರೆಗೆ ಬಹುವಚನದಲ್ಲಿ ಮಾತಾಡಿಸುತ್ತಿದ್ದವರು ಅವತ್ತಿನಿಂದ ನನ್ನನ್ನು ಏಕವಚನಕ್ಕೆ ಇಳಿಸಿಕೊಂಡರು. ಶಿಕ್ಷೆಯನ್ನೂ ಕೊಟ್ಟರು. ಆ ವರ್ಷ ಮುಗಿಯುವವರೆಗೂ ವಾರಕ್ಕೊಂದು ಗದ್ಯಭಾಗವನ್ನು ನಾನು ಮಕ್ಕಳ ಜೊತೆ ಬೆಂಚಿನ ಮೇಲೆ ಕೂತು ಓದಿ, ಸ್ಲೇಟಿನಲ್ಲಿ ಉತ್ತರ ಬರೆಯಬೇಕು. ತಿದ್ದುವವಳು ಹೊಂಬಾಳಮ್ಮ. ದಯೆ ದಾಕ್ಷಿಣ್ಯವಿಲ್ಲದೆ ತಿದ್ದುತ್ತಿದ್ದಳು. ಮೊದಲ ತಿಂಗಳು ನಾನು ಬೋರನಿಗಿಂತ ಹಿಂದಿದ್ದೆ.

ಆದರೆ ಅದೆಲ್ಲ ಆಮೇಲಿನದು. ಜಗಲಿಯ ಮೇಲೆ ಸಾಹೇಬರಿನ್ನೂ ಬಳಪ ಹಿಡಿದುಕೊಂಡೇ ಇದ್ದರು. ಬರೆದದ್ದು ಯಾರು ಎಂದು ಕೇಳಿದರು. ಹೊಂಬಾಳಮ್ಮ ಎದ್ದು ಮುಂದೆ ಬಂದಳು. ಕಾಂಪೌಂಡಿನ ಆಚೆ ಮೊಗಣ್ಣ ಗಾಡಿ ನಿಲ್ಲಿಸಿಕೊಂಡು, ಎತ್ತಿನ ಹಗ್ಗ ಕೈಯಲ್ಲಿ ಸುತ್ತಿಕೊಂಡು, ಮಗಳನ್ನೇ ನೋಡುತ್ತಿದ್ದ.

"ಈ ಮೇಷ್ಟ್ರ ಆಟ ನೀನೂ ನೋಡಿದ್ದೆಯೇನಮ್ಮ?"

"ನೋಡಿದ್ದೆ ಸಾ."

"ಮತ್ತೆ ಅದನ್ನು ಯಾಕೆ ಬರೆಯಲಿಲ್ಲ?"

"ಅದು ಬೋರ್ಡಿನ್ ಮ್ಯಾಲಿಲ್ಲ ಸಾ."

"ಸರಿ. ಹಾಗಾದರೆ ಇದು ಬೋರ್ಡಿನ ಮೇಲೆ ಇದೆಯೇ? ಮಣ್ಣು ಕುಸಿಯಿತು ಅಂತಿದೆ. ತೀರಿಹೋದರು ಅಂತ ಎಲ್ಲಿದೆ? ಬೆರಳಿಟ್ಟು ತೋರಿಸು."

ಹೊಂಬಾಳಮ್ಮ ಒಳಗೆ ಬೋರ್ಡಿನ ಹತ್ತಿರ ಹೋದಳು. ನಾವೆಲ್ಲ ಬಾಗಿಲಿಗೆ ಮುತ್ತಿಕೊಂಡೆವು. ಎತ್ತರ ಸಾಲದೆ ತುದಿಗಾಲಲ್ಲಿ ನಿಂತು, ನನ್ನ ದುಂಡಕ್ಷರ ಅಳಿಸದ ಹಾಗೆ, ಇನ್ನೆರಡು ಮೊಳ ಎನ್ನುವ ಕಡೆ ಬೆರಳಿಟ್ಟಳು. "ಇಲ್ಲಿಗಂಟ ಅವ್ರಪ್ಪ ದಿನಾ ಮಾತಾಡ್ತಾರೆ ಸಾ." ಬೆರಳನ್ನು ಕುಸಿಯಿತು ಎನ್ನುವಲ್ಲಿಗೆ ಜಾರಿಸಿದಳು. "ಇಲ್ಲಿಂದ ಈಚ್ಗೆ ಒಂದ್ ಮಾತೂ ಆಡಕಿಲ್ಲ." ಆಮೇಲೆ ಮುಳ್ಳಿನ ಮೇಲೆ, ಕೊನೆಗೆ ಬೊಗಸೆಯ ಮೇಲೆ ಬೆರಳಿಟ್ಟಳು.

ಸಾಹೇಬರ ಧ್ವನಿ ತಗ್ಗಿತು. ಆದರೂ ಪಟ್ಟು ಬಿಡಲಿಲ್ಲ. "ಅದೆಲ್ಲ ಸರಿಯಮ್ಮ. ಆದರೂ ತೀರಿಹೋದರು ಅಂತ ಬರೆದಿಲ್ಲವಲ್ಲ?"

ಅದಕ್ಕೆ ಅವಳು ಒಂದು ಮಾತು ಹೇಳಿದಳು. ಅದನ್ನು ಕೇಳಿದ ಮೇಲೆ ಸಾಹೇಬರು ಏನು ಮಾಡಿದರೆಂದು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಆ ಮಾತಿನ ಮುಂದೆ ನಾನು ಆಡುವುದು ಏನೂ ಇಲ್ಲ. ಅವರು ಬಳಪವನ್ನು ಹೆಡ್ ಮಾಸ್ತರ ಕೈಗೆ ಕೊಟ್ಟರು. ಕುರ್ಚಿ ಎಳೆದುಕೊಂಡು ಕೂತು, ಇನ್‌ಸ್ಪೆಕ್ಷನ್ ಪುಸ್ತಕದಲ್ಲಿ, ಈ ತರಗತಿ ಇಲ್ಲೇ ಮುಂದುವರಿಯಬಹುದು, ಮಿಕ್ಕ ಮಕ್ಕಳನ್ನು ವರ್ಷದ ಕೊನೆಗೆ ಇನ್ನೊಮ್ಮೆ ಪರೀಕ್ಷಿಸತಕ್ಕದ್ದು, ಅಸಿಸ್ಟೆಂಟ್ ಮಾಸ್ತರಿಗೆ ಎಚ್ಚರಿಕೆ ಕೊಡತಕ್ಕದ್ದು ಎಂದು ಬರೆದು ರುಜು ಹಾಕಿದರು. ಮೊಗಣ್ಣ ಹೊರಗಿನಿಂದಲೇ "ಏನಂತೆ ಸಾ?" ಎಂದು ಕೂಗಿ ಕೇಳಿದ, ಇಲ್ಲೇ ಅಂತೆ ಎಂದು ಹೆಡ್ ಮಾಸ್ತರು ಹೇಳಿದ ಮೇಲೆ ಎತ್ತಿನ ಬೆನ್ನು ತಟ್ಟಿ ಗಾಡಿ ಹೊಡೆದುಕೊಂಡು ಹೋದ. ಶಿವರಾತ್ರಿ ಕಳೆದರೂ ಗಂಡಿನ ಕಡೆಯವರು ಬರಲಿಲ್ಲ. ಹೊಂಬಾಳಮ್ಮ ಈಗ ಮಂಡ್ಯದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗುತ್ತಿದ್ದಾಳೆಂದು ಮೊನ್ನೆ ಬೋರ್ಡು ತಿಕ್ಕುತ್ತಿದ್ದ ಹುಡುಗರೇ ಹೇಳಿದರು.

ಆ ಮಾತನ್ನು ಎಷ್ಟೋ ಸಲ ಅವಳ ಹಾಗೆಯೇ ಹೇಳಲು ನೋಡಿದ್ದೇನೆ. ನನ್ನ ಗಂಟಲಿಗೆ ಇವತ್ತಿಗೂ ಅದು ಸಿಕ್ಕಿಲ್ಲ. ಬೆರಳು ಬೋರ್ಡಿನ ಮೇಲೆಯೇ ಇತ್ತು. ಕತ್ತು ಮಾತ್ರ ಹಿಂದಕ್ಕೆ ತಿರುಗಿಸಿ ಅವಳೆಂದದ್ದು ಇಷ್ಟು:

"ಎಲ್ಲಾನೂ ಅವ್ರೇ ಬರ್ದು ಬುಟ್ಟಿದ್ರೆ, ಓದೋರ್ಗೆ ಇನ್ನೇನ್ ಕೆಲ್ಸ ಸಾ?"